ಹಲಸಿನ ಹಳದಿ ಪಕ್ಕಾ ಆದದ್ದು ಹೇಗೆ

ಕೊರೊನಾ ಮುಗಿದ ಎರಡನೆಯ ವರ್ಷ. ಆಗ ನಾನು ಮೂಡುಬಿದಿರೆಯ ಹೊರವಲಯದ ಒಂದು ಸರಕಾರಿ ತರಬೇತಿ ಕೇಂದ್ರದಲ್ಲಿ ಬಣ್ಣಗಾರಿಕೆಯ ಹಿರಿಯ ಬೋಧಕಿಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನನಗಿದ್ದದ್ದು ಎರಡು ಕೆಲಸ. ಒಂದು, ನೂಲಿಗೆ, ಬಟ್ಟೆಗೆ ಬಣ್ಣ ಹಾಕುವುದನ್ನು ಕಲಿಸುವುದು. ಇನ್ನೊಂದು, ಸುತ್ತಲಿನ ಘಟಕಗಳು ಕಳಿಸುವ ಬಟ್ಟೆಯ ತುಂಡುಗಳನ್ನು ಪರೀಕ್ಷಿಸಿ, ಬಣ್ಣ ಎಷ್ಟು ಪಕ್ಕಾ ಎಂದು ಅಂಕ ಕೊಟ್ಟು ಸಹಿ ಹಾಕುವುದು. ಈ ಎರಡನೆಯ ಕೆಲಸದಲ್ಲಿ ನಾನು ಹಾಕಿದ ಒಂದು ಸಹಿಯ ಕತೆ ಇದು. ನೆನೆದರೆ ಈಗಲೂ ಸಿಟ್ಟು ಬರುತ್ತದೆ, ಮತ್ತು ಆ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆಯೇ.

ನಾನು ಬೆಟಗೇರಿಯ ನೇಕಾರರ ಮನೆಯವಳು. ವರ್ಗವಾಗಿ ಕರಾವಳಿಗೆ ಬಂದು ಇಪ್ಪತ್ತು ವರ್ಷ ದಾಟಿದರೂ ತುಳು ಅರ್ಥವಾಗುತ್ತದೆಯೇ ಹೊರತು ನಾಲಿಗೆಗೆ ಹತ್ತಲಿಲ್ಲ. ಹಾಗಾಗಿ ನನ್ನ ಬಳಿ ಕಲಿಯಲು ಬಂದ ಹೆಂಗಸರೆಲ್ಲ ನನ್ನೊಡನೆ ಶಾಲೆಯ ಕನ್ನಡದಲ್ಲೇ ಮಾತಾಡುತ್ತಿದ್ದರು, ನನ್ನನ್ನು ಟೀಚರ್ ಎಂದು ಕರೆಯುತ್ತಿದ್ದರು.

ಆ ವರ್ಷ ದಸರೆ ಕಳೆದ ಮೇಲೆ ನನ್ನನ್ನು ಆರು ವಾರದ ಮಟ್ಟಿಗೆ ಬಂಟ್ವಾಳದ ಹತ್ತಿರದ ನರಿಕೊಂಬಿಗೆ ಕಳಿಸಿದರು. ಅಲ್ಲಿ ನದಿಗೆ ಹತ್ತಿರ ಹೊಸದೊಂದು ನೈಸರ್ಗಿಕ ಬಣ್ಣದ ಘಟಕ ಶುರುವಾಗಿತ್ತು. ದುಪಟ್ಟಾ, ಸ್ಟೋಲ್, ನೂಲಿನ ಲಡಿಗಳಿಗೆ ಗಿಡಮರಗಳ ಬಣ್ಣ ಹಾಕಿ ದೊಡ್ಡ ಊರುಗಳಿಗೂ ಹೊರದೇಶಕ್ಕೂ ಮಾರುವುದು ಅವರ ಉದ್ದೇಶ. ಮಾಲೀಕರನ್ನು ಇಲ್ಲಿ ಸದಾನಂದ ಎಂದು ಕರೆಯುತ್ತೇನೆ, ನಿಜವಾದ ಹೆಸರು ಬೇಡ. ಹತ್ತಾರು ವರ್ಷ ಗಲ್ಫಿನಲ್ಲಿ ಹೋಟೆಲ್ ನಡೆಸಿ ಬಂದವರು. ಮಾತು ಬಹಳ ಮೃದು.

ತರಬೇತಿಗೆ ಬಂದವರು ಹನ್ನೊಂದು ಹೆಂಗಸರು. ಹೆಚ್ಚಿನವರು ಅದುವರೆಗೆ ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದವರು. ಬೀಡಿಯ ಆರ್ಡರ್ ಕಡಿಮೆಯಾಗುತ್ತಾ ಬಂದಿತ್ತು, ಹೊಗೆಸೊಪ್ಪಿನ ಹುಡಿಗೆ ಕೆಮ್ಮು ಬೇರೆ. ಅವರಲ್ಲಿ ಎಲ್ಲರಿಗಿಂತ ಚುರುಕು ಗುಲಾಬಿ. ನಲವತ್ತರ ಹತ್ತಿರದ ವಯಸ್ಸು. ತವರು ಬೆಳ್ತಂಗಡಿ ತಾಲೂಕಿನ ನೆರಿಯ, ಕಾಡಿನ ಅಂಚಿನ ಊರು. ಮದುವೆಯಾಗಿ ನರಿಕೊಂಬಿಗೆ ಬಂದವಳು. ಗಂಡನಿಗೆ ಫರಂಗಿಪೇಟೆಯಲ್ಲಿ ಲಾರಿಗೆ ಸಿಮೆಂಟ್ ಚೀಲ ಲೋಡ್ ಮಾಡುವ ಕೆಲಸ. ಬೀಡಿ ಕಟ್ಟಿ ಕಟ್ಟಿ ಅವಳ ಬೆರಳಿನ ತುದಿಗಳಿಗೆ ಎಂಥ ಸೂಕ್ಷ್ಮ ಬಂದಿತ್ತೆಂದರೆ, ಒದ್ದೆ ನೂಲನ್ನು ಮುಟ್ಟಿಯೇ ಇದಕ್ಕೆ ಬಣ್ಣ ಸರಿಯಾಗಿ ಇಳಿದಿಲ್ಲ ಎಂದು ಹೇಳುತ್ತಿದ್ದಳು. ಅವಳು ಹೇಳಿದ್ದು ತಪ್ಪಿದ್ದನ್ನು ನಾನು ಕಾಣೆ.

ಸುತ್ತಮುತ್ತ ಸುಲಭವಾಗಿ ಸಿಗುವುದರಿಂದಲೇ ಬಣ್ಣ ಮಾಡಬೇಕೆಂಬುದು ನನ್ನ ಪಾಠ. ಮರದ ಮಿಲ್ಲಿನಲ್ಲಿ ಬಿಟ್ಟಿ ಬಿದ್ದಿರುವ ಹಲಸಿನ ಮರದ ಹುಡಿಯನ್ನು ಕುದಿಸಿದರೆ ಹಳದಿ. ತೇಗದ ಎಳೆ ಎಲೆಯಿಂದ ಕೆಂಪು ಕಂದು. ಕಬ್ಬಿಣದ ತುಂಡುಗಳನ್ನು ಬೆಲ್ಲದ ನೀರಿನಲ್ಲಿ ಎರಡು ವಾರ ಕೊಳೆಸಿದರೆ ಕಪ್ಪಿಗೆ ಬೇಕಾದ ರಸ. ಆದರೆ ಬರೀ ರಸದಲ್ಲಿ ಅದ್ದಿದರೆ ಹತ್ತಿ ನೂಲಿಗೆ ಬಣ್ಣ ನಿಲ್ಲುವುದಿಲ್ಲ. ಬಣ್ಣವನ್ನು ನೂಲಿಗೆ ಕಚ್ಚಿಸಲು ನಡುವೆ ಒಂದು ವಸ್ತು ಬೇಕು, ಅದಕ್ಕೆ ಮಾರ್ಡೆಂಟ್ ಎನ್ನುತ್ತೇವೆ. ನಾನು ಕಲಿಸಿದ ಕ್ರಮದಲ್ಲಿ ನೂಲನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ಆಮೇಲೆ ಪಟಿಕದ ನೀರಿನಲ್ಲಿ ಅದ್ದಬೇಕು. ಪಟಿಕ ಎಂದರೆ ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಅದೇ ಬಿಳಿಯ ಕಲ್ಲು. ನೂರು ಕಿಲೋ ನೂಲಿಗೆ ಹದಿನೈದು ಕಿಲೋ ಪಟಿಕ. ಅಷ್ಟೆ.

ಮೊದಲ ದಿನ ಹೆಂಗಸರು ಬಣ್ಣದ ಪಾತ್ರೆಗೆ ಕೈ ಹಾಕಲು ಅಂಜುತ್ತಿದ್ದರು. ನಾನೇ ಸೀರೆಯ ಸೆರಗು ಸಿಕ್ಕಿಸಿ, ಆರಿದ ಹಳದಿ ನೀರಿನಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ತೋರಿಸಿದೆ. "ನೋಡಿ, ಏನೂ ಆಗುವುದಿಲ್ಲ. ಬೀಡಿಗಿಂತ ಇದು ಸಾವಿರ ಪಾಲು ಒಳ್ಳೆಯದು. ಇಲ್ಲಿ ವಿಷ ಇಲ್ಲ" ಎಂದೆ. ಆ ದಿನ ನಾನು ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತನ್ನು ಅವರು ನನಗಿಂತ ಹೆಚ್ಚು ನಂಬಿದರು.

ತರಬೇತಿ ಮುಗಿಯಿತು. ಹನ್ನೊಂದು ಮಂದಿಯೂ ಪಾಸಾದರು. ಫೋಟೋ ಅಂಟಿಸಿದ ಪ್ರಮಾಣಪತ್ರ ಕೊಟ್ಟು ನಾನು ಮೂಡುಬಿದಿರೆಗೆ ಮರಳಿದೆ.

ಸಂಕ್ರಾಂತಿಯ ನಂತರ ಆ ಘಟಕದಿಂದ ಹಳದಿ ಬಟ್ಟೆಯ ಮೂರು ತುಂಡುಗಳು ಪರೀಕ್ಷೆಗೆ ಬಂದವು. ಒಗೆದಾಗ ಬಣ್ಣ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಒಂದರಿಂದ ಐದರವರೆಗೆ ಅಂಕ. ನನ್ನ ಕ್ರಮದಲ್ಲಿ ಹಲಸಿನ ಹಳದಿಗೆ ಮೂರು ಸಿಕ್ಕರೆ ದೊಡ್ಡದು. ಈ ತುಂಡುಗಳಿಗೆ ನಾಲ್ಕೂವರೆ ಬಂತು. ಬಣ್ಣವೂ ನನ್ನ ತೆಳು ಹಳದಿಯಲ್ಲ, ಒಳ್ಳೆಯ ಚಿನ್ನದ ಹಳದಿ. ತಿಂಗಳು ಬಿಸಿಲಿಗಿಟ್ಟರೂ ಹೆಚ್ಚು ಮಾಸಲಿಲ್ಲ.

ಮೂವತ್ತು ವರ್ಷ ಬಣ್ಣದ ಜೊತೆ ಬದುಕಿದವಳು ಆ ಕ್ಷಣದಲ್ಲೇ ಕೇಳಬೇಕಿತ್ತು, ಇದು ಹೇಗೆ ಸಾಧ್ಯವಾಯಿತು ಎಂದು. ಕೇಳಲಿಲ್ಲ. ನನ್ನ ಶಿಷ್ಯೆಯರು ನನ್ನನ್ನು ಮೀರಿಸಿದರು ಎಂದು ಹೆಮ್ಮೆಪಟ್ಟೆ. ನಮ್ಮ ಫಾರ್ಮಿನಲ್ಲಿ ಬಟ್ಟೆಯ ಅಳತೆ, ತೂಕ, ಒಗೆದ ನೀರಿನ ಬಿಸಿ, ಎಲ್ಲಕ್ಕೂ ಜಾಗವಿತ್ತು. ಮಾರ್ಡೆಂಟ್ ಯಾವುದು ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ. 'ಅತ್ಯುತ್ತಮ' ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿ ಕಳಿಸಿದೆ.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಗುಲಾಬಿ ಸಿದ್ದಕಟ್ಟೆಯ ಬಸ್ಸಿನಲ್ಲಿ ಮೂಡುಬಿದಿರೆಗೆ ಬಂದಳು. ಬಲಗೈಗೆ ಕರವಸ್ತ್ರ ಸುತ್ತಿತ್ತು. ಕೂರಲು ಹೇಳಿದರೆ ಕೂರಲಿಲ್ಲ. ನಿಂತುಕೊಂಡೇ ಕರವಸ್ತ್ರ ಬಿಚ್ಚಿದಳು.

"ಟೀಚರ್, ಹಲಸಿನ ಹುಡಿಯಲ್ಲಿ ವಿಷ ಉಂಟಾ?"

ಅವಳ ಬೆರಳಿನ ಗೆಣ್ಣುಗಳ ಮೇಲೆ ನಾಲ್ಕು ತೂತುಗಳಿದ್ದವು. ಗಾಯ ಎನ್ನುವುದಕ್ಕಿಂತ ತೂತು ಎನ್ನುವುದೇ ಸರಿ. ದುಂಡಗೆ, ಆಳವಾಗಿ, ಸುತ್ತಲೂ ಗಟ್ಟಿ ಅಂಚು ಕಟ್ಟಿಕೊಂಡಿದ್ದವು. ಎಡಗೈಯಲ್ಲಿ ಇನ್ನೆರಡು. ಅಂಗೈ ಪೂರ್ತಿ ಬಿರುಕು.

"ನೋವು ಉಂಟಾ?" ಎಂದೆ.

"ಅದೇ ಆಶ್ಚರ್ಯ. ಅಷ್ಟು ನೋವು ಇಲ್ಲ. ತುರಿಕೆ ಉಂಟು. ಮೊದಲು ಸಣ್ಣ ಗುಳ್ಳೆ ಆದದ್ದು, ಮತ್ತೆ ಒಳಗೆ ಒಳಗೆ ಹೋಯ್ತು. ಎರಡು ತಿಂಗಳಾಯ್ತು, ಒಣಗುವುದೇ ಇಲ್ಲ. ಬಿ.ಸಿ.ರೋಡಿನ ಚರ್ಮದ ಡಾಕ್ಟರಿಗೆ ತೋರಿಸಿದೆ. ಎಂತ ಕೆಲಸ ಅಂತ ಕೇಳಿದರು. ಎಲೆ, ತೊಗಟೆ ಕುದಿಸುವುದು ಅಂದೆ. ಗಂಡನದ್ದು ಸಿಮೆಂಟ್ ಲೋಡಿಂಗ್ ಅಂದ ಕೂಡಲೇ, ಅವರ ಬಟ್ಟೆ ಒಗೆಯುವುದರಿಂದ ಆಗಿರಬೇಕು ಅಂತ ಮುಲಾಮು ಕೊಟ್ಟರು. ಧಣಿಗಳು ಹೇಳುವುದು, ಇದು ಹಳೆಯ ಬೀಡಿಯ ದೋಷ ಅಂತೆ."

ಇಂಥ ತೂತನ್ನು ನಾನು ಜೀವನದಲ್ಲಿ ಹಿಂದೆ ಒಮ್ಮೆ ಮಾತ್ರ ನೋಡಿದ್ದೆ. ಕಲಿಯುವ ದಿನಗಳಲ್ಲಿ ಉಣ್ಣೆಗೆ ಬಣ್ಣ ಹಾಕುವ ಹಳೆಯ ಕಾರ್ಖಾನೆಯೊಂದಕ್ಕೆ ನಮ್ಮನ್ನು ಕರೆದೊಯ್ದಿದ್ದರು. ಅಲ್ಲಿನ ಮುದುಕ ಮೇಸ್ತ್ರಿ ತನ್ನ ಬೆರಳು ತೋರಿಸಿ, ಇದು ಕ್ರೋಮ್ ತೂತು, ಇದನ್ನು ಮರೆಯಬೇಡಿ ಎಂದಿದ್ದರು. ನಾವು ಮರೆತಿರಲಿಲ್ಲ. ಆದರೆ ಅದು ಹಳೆಯ ಕಾಲದ ಮಾತು ಎಂದುಕೊಂಡಿದ್ದೆವು.

"ಗುಲಾಬಿ, ನಾನು ಹೋದ ಮೇಲೆ ಹೊಸದಾಗಿ ಏನಾದರೂ ಹಾಕುತ್ತಿದ್ದೀರಾ?"

"ಪಟಿಕದ ಬದಲಿಗೆ ಬೇರೆ ಉಪ್ಪು ಬಂದಿದೆ. ಕಿತ್ತಳೆ ಬಣ್ಣದ್ದು, ಕಲ್ಲುಸಕ್ಕರೆ ಹಾಗೆ ಚೆಂದ ಉಂಟು. ಬಣ್ಣ ಗಟ್ಟಿ ನಿಲ್ಲುತ್ತದೆ ಅಂತ. ಅದು ಬಂದ ಮೇಲೆಯೇ ಅಲ್ಲವಾ ನಿಮ್ಮ ಹತ್ತಿರ ಒಳ್ಳೆ ಮಾರ್ಕು ಸಿಕ್ಕಿದ್ದು?"

ಅದು ಪೊಟ್ಯಾಸಿಯಂ ಡೈಕ್ರೋಮೇಟ್, ಆ ಮೇಸ್ತ್ರಿ ಹೇಳಿದ ಕ್ರೋಮಿನ ಉಪ್ಪು. ಚರ್ಮವನ್ನು ತಿನ್ನುತ್ತದೆ, ಅದರ ಹುಡಿ ಉಸಿರಿಗೆ ಹೋದರೆ ಮೂಗಿನೊಳಗಿನ ನಡುಗೋಡೆಯಲ್ಲಿ ತೂತಾಗುತ್ತದೆ, ವರ್ಷಗಟ್ಟಲೆ ಸೇರಿದರೆ ಕ್ಯಾನ್ಸರ್ ತರುತ್ತದೆ. ಆ ಹಳದಿ ಪಕ್ಕಾ ಆದದ್ದು ಅದರಿಂದ. ಅದಕ್ಕೆ 'ಅತ್ಯುತ್ತಮ' ಎಂದು ಬರೆದವಳು ನಾನು.

ಅಂದೇ ರಜೆ ಹಾಕಿ ಗುಲಾಬಿಯ ಜೊತೆ ನರಿಕೊಂಬಿಗೆ ಹೊರಟೆ. ಹೋಗುವಾಗ ಪ್ರಯೋಗಾಲಯದಿಂದ ಡೈಫೆನಿಲ್ ಕಾರ್ಬಜೈಡ್ ಎಂಬ ದ್ರಾವಣದ ಸಣ್ಣ ಬಾಟಲಿಯನ್ನೂ ಸ್ವಲ್ಪ ಆಮ್ಲವನ್ನೂ ಚೀಲಕ್ಕೆ ಹಾಕಿಕೊಂಡೆ. ವಿಷದ ರೂಪದ ಕ್ರೋಮಿಯಂ ಎಲ್ಲಿದ್ದರೂ ಈ ದ್ರಾವಣ ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಘಟಕದ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಬರಿಗೈಯಲ್ಲಿ ನೂಲಿನ ಲಡಿಗಳನ್ನು ಹಿಂಡುತ್ತಿದ್ದರು. ಕೈಯಿಂದ ಕಿತ್ತಳೆ ನೀರು ಸುರಿಯುತ್ತಿತ್ತು. ಮೂಲೆಯಲ್ಲಿ ಜುಬೇದಾ ಎಂಬಾಕೆ ತಕ್ಕಡಿಯಲ್ಲಿ ಆ ಹರಳುಗಳ ಹುಡಿ ತೂಗುತ್ತಿದ್ದಳು, ಮೂಗಿಗೆ ಒಂದು ಬಟ್ಟೆ ಕೂಡ ಇಲ್ಲದೆ. ಡಬ್ಬದ ಮೇಲಿನ ಲೇಬಲ್ಲನ್ನು ಯಾರೋ ಹೆರೆದು ತೆಗೆದಿದ್ದರು. ಉಳಿದ ನೀರು ಶೆಡ್ಡಿನ ಹಿಂದಿನ ಗುಂಡಿಗೆ ಹೋಗುತ್ತಿತ್ತು. ಗುಂಡಿಯಿಂದ ನದಿ ಎಷ್ಟು ದೂರ? ನಾನು ಹೆಜ್ಜೆ ಹಾಕಿ ಎಣಿಸಿದೆ, ಎಂಬತ್ತು ಹೆಜ್ಜೆ.

ಸದಾನಂದ ನಗುತ್ತಲೇ ಬಂದರು. "ಟೀಚರ್, ಹೇಳದೆ ಕೇಳದೆ ಬಂದಿರಲ್ಲ! ಬನ್ನಿ, ಚಾ ಕುಡಿಯುವ."

"ಚಾ ಬೇಡ. ಆ ಕಿತ್ತಳೆ ಹರಳು ಏನು?"

"ಅದು ಮಿನರಲ್ ಅಲ್ಲವಾ? ನೀವು ಕಲಿಸಿದ ಪಟಿಕವೂ ಮಿನರಲ್. ಎರಡೂ ಭೂಮಿಯಿಂದ ಬಂದದ್ದು. ಭೂಮಿಯಿಂದ ಬಂದದ್ದು ನೈಸರ್ಗಿಕ ಅಲ್ಲದೆ ಮತ್ತೆಂತ?"

"ಪಾಷಾಣವೂ ಭೂಮಿಯಿಂದಲೇ ಬರುತ್ತದೆ" ಎಂದೆ. "ಈ ಹೆಂಗಸರಿಗೆ ಒಂದು ಜೊತೆ ಗ್ಲೌಸ್ ಕೊಡಿಸುವಷ್ಟಾದರೂ ನಿಮಗೆ ತೋಚಲಿಲ್ಲವೇ?"

ಅವರು ಕೊಟ್ಟ ಉತ್ತರವನ್ನು ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ. "ಗ್ಲೌಸ್ ತಂದು ಇಟ್ಟದ್ದು ಉಂಟು ಟೀಚರ್. ಆದರೆ ಬಟ್ಟೆ ಕೊಳ್ಳುವ ಹೊರಗಿನ ಪಾರ್ಟಿಯವರು ಕೆಲಸದ ವಿಡಿಯೋ ಕೇಳ್ತಾರೆ. ರಬ್ಬರ್ ಗ್ಲೌಸ್ ಕಂಡರೆ ಇದೆಂತ ಕೆಮಿಕಲ್ ಅಂತ ಅವರಿಗೆ ಡೌಟ್ ಬರ್ತದೆ. ಬರಿಗೈಯಲ್ಲಿ ಮಾಡಿದರೆ ಚೆಂದ ಕಾಣ್ತದೆ."

ಅವರು ಮಾತು ಮುಂದುವರಿಸುತ್ತಾ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ನನ್ನ ಪರೀಕ್ಷಾ ವರದಿ, ಕಟ್ಟು ಹಾಕಿಸಿ ತೂಗುಹಾಕಿದ್ದು. ಅಡಿಯಲ್ಲಿ ನನ್ನ ಸಹಿ, ಕೇಂದ್ರದ ಸೀಲು. "ನೀವೇ ಒಪ್ಪಿದ ಬಣ್ಣ ಅಲ್ಲವಾ?" ಎಂದರು.

ಹಿಂಡಿದ ನೀರನ್ನು ಒಂದು ಗಾಜಿನ ಲೋಟಕ್ಕೆ ತೆಗೆದುಕೊಂಡು, ಬಹಳಷ್ಟು ನೀರು ಬೆರೆಸಿ, ಆಮ್ಲ ಹಾಕಿ, ದ್ರಾವಣದ ನಾಲ್ಕು ಹನಿ ಬಿಟ್ಟೆ. ಕಣ್ಣೆದುರೇ ನೇರಳೆಯಾಯಿತು. ಗುಂಡಿಯ ನೀರಿಗೂ ಹಾಗೇ ಮಾಡಿದೆ, ಅದೂ ನೇರಳೆ. ಆಮೇಲೆ ಹತ್ತಿಯ ಒದ್ದೆ ಉಂಡೆಯಿಂದ ಗುಲಾಬಿಯ ಅಂಗೈ ಒರೆಸಿ, ಉಂಡೆಯ ಮೇಲೂ ಆಮ್ಲ, ದ್ರಾವಣದ ಹನಿ ಬಿಟ್ಟೆ. ಆ ದಿನ ಅವಳು ಕೆಲಸವನ್ನೇ ಮಾಡಿರಲಿಲ್ಲ. ಆದರೂ ಉಂಡೆಯ ಮೇಲೆ ತೆಳು ನೇರಳೆ ಕಲೆ ಮೂಡಿತು. ಹೆಂಗಸರೆಲ್ಲ ಲಡಿಗಳನ್ನು ಕೆಳಗಿಟ್ಟು ತಮ್ಮ ತಮ್ಮ ಕೈ ನೋಡಿಕೊಳ್ಳತೊಡಗಿದರು.

"ಇದು ವಿಷ. ಇವತ್ತೇ ನಿಲ್ಲಿಸಿ" ಎಂದೆ.

ಎಲ್ಲರೂ ನನ್ನ ಪರ ನಿಲ್ಲುತ್ತಾರೆ ಎಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಘಟಕ ಮುಚ್ಚಿದರೆ ಎಲ್ಲರೂ ಮತ್ತೆ ಬೀಡಿ ಕಟ್ಟುವುದೇ ಎಂದು ಸದಾನಂದ ಮೆಲ್ಲಗೆ ಹೇಳಿ ಒಳಗೆ ಹೋದರು. ನಾನು ಗೇಟಿನ ಹತ್ತಿರ ಬರುವಾಗ ಜುಬೇದಾ ಹಿಂದಿನಿಂದ ಬಂದು ತಡೆದಳು. ಅವಳ ಮುಖದಲ್ಲಿ ನನ್ನ ಮೇಲೆಯೇ ಸಿಟ್ಟು.

"ಟೀಚರ್, ನೀವು ಬಸ್ಸು ಹತ್ತಿ ಮೂಡುಬಿದಿರೆಗೆ ಹೋಗ್ತೀರಿ. ತಿಂಗಳಾದರೆ ನಿಮ್ಮ ಸಂಬಳ ಬರ್ತದೆ. ನಾವು ಎಲ್ಲಿಗೆ ಹೋಗುವುದು? ಮೊದಲು ಕೈ ಹಾಕಿ ಅಂದದ್ದು ನೀವೇ, ಈಗ ತೆಗೆಯಿರಿ ಅನ್ನುವುದೂ ನೀವೇ. ನಮಗೆ ಎಂತ ಗೊತ್ತುಂಟು ಹೇಳಿ?"

ಅವಳು ಹೇಳಿದಂತೆಯೇ ನಾನು ಬಸ್ಸು ಹತ್ತಿ ಮೂಡುಬಿದಿರೆಗೆ ಹೋದೆ.

ಮರುದಿನ ನನ್ನ ಮೇಲಧಿಕಾರಿಗೆ ಲಿಖಿತವಾಗಿ ಕೇಳಿಕೊಂಡೆ, ನನ್ನ ವರದಿಯನ್ನು ಹಿಂದಕ್ಕೆ ಪಡೆಯಲು ಅನುಮತಿ ಕೊಡಿ ಎಂದು. ಅವರು ಕರೆಸಿ ಕೂರಿಸಿದರು. ಕಾಗದವನ್ನು ಎರಡು ಬಾರಿ ಓದಿದರು.

"ಒಗೆದಾಗ ಬಣ್ಣ ನಿಂತದ್ದು ಹೌದಲ್ಲವಾ?"

"ಹೌದು ಸರ್."

"ಹಾಗಾದರೆ ವರದಿ ಸರಿ ಉಂಟು. ಸರಿಯಾದ ವರದಿ ಹಿಂದಕ್ಕೆ ತೆಗೆದುಕೊಳ್ಳಲಿಕ್ಕೆ ನಿಯಮ ಇಲ್ಲ. ನೋಡಿ ಮೇಡಂ, ನೀವು ಬಟ್ಟೆ ನೋಡಬೇಕಾದವರು. ಕೆಲಸದವರ ಕೈ ನೋಡುವುದು ನಮ್ಮ ಇಲಾಖೆಯ ಕೆಲಸ ಅಲ್ಲ. ಅದಕ್ಕೆ ಬೇರೆಯವರು ಇದ್ದಾರೆ."

ಅವರು ಕೆಟ್ಟ ಮನುಷ್ಯರಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಕೆಟ್ಟವರಾಗಿದ್ದರೆ ಜಗಳವಾಡಿ ಹೊರಬರಬಹುದಿತ್ತು. ಇವರು ಚಹಾ ತರಿಸಿ, ನಿವೃತ್ತಿ ಹತ್ತಿರ ಇರುವಾಗ ಯಾಕೆ ತಲೆನೋವು ಎಂದು ಕಾಳಜಿಯಿಂದಲೇ ಕೇಳಿದರು. ನಾನು ಹೊರಗೆ ಬಂದು, ವರದಿಗೆ ಇನ್ನೊಂದು ಪುಟ ಸೇರಿಸಿ ಟೈಪ್ ಮಾಡಿದೆ: ಈ ಬಣ್ಣಕ್ಕೆ ಬಳಸಿದ ಮಾರ್ಡೆಂಟ್ ಡೈಕ್ರೋಮೇಟ್, ಇದನ್ನು ನೈಸರ್ಗಿಕ ಎಂದು ಕರೆಯುವಂತಿಲ್ಲ. ಪುಟ ಸೇರಿಸಬಾರದೆಂಬ ನಿಯಮವೂ ಇರಲಿಲ್ಲ. ಒಂದು ಪ್ರತಿ ಸದಾನಂದರಿಗೆ, ಒಂದು ಕಾರ್ಖಾನೆಗಳ ತಪಾಸಣೆ ಮಾಡುವ ಕಚೇರಿಗೆ, ಒಂದು ಬಿ.ಸಿ.ರೋಡಿನ ವೈದ್ಯೆಗೆ.

ಮೊದಲು ಸ್ಪಂದಿಸಿದವರು ಆ ವೈದ್ಯೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಫೋನಿನಲ್ಲೇ, "ನಾನು ಸಿಮೆಂಟ್ ಅಂತ ಬರೆದದ್ದು ತಪ್ಪಾಯಿತು. ಸಿಮೆಂಟಿನಲ್ಲಿಯೂ ಸ್ವಲ್ಪ ಕ್ರೋಮಿಯಂ ಉಂಟು, ಹಾಗಾಗಿ ಅಲ್ಲಿಗೇ ನಿಂತೆ. ಎಲೆ ಕುದಿಸುವ ಜಾಗದಲ್ಲಿ ಇದು ಇರ್ತದೆ ಅಂತ ಅಂದಾಜು ಮಾಡಲಿಲ್ಲ" ಎಂದರು. ಕ್ರೋಮ್ ಹುಣ್ಣು ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿರುವ ಔದ್ಯೋಗಿಕ ರೋಗ. ಕಂಡ ವೈದ್ಯರು ಸರಕಾರಕ್ಕೆ ತಿಳಿಸಲೇಬೇಕು. ಅವರು ತಿಳಿಸಿದರು.

ತಪಾಸಣೆಯ ಕಚೇರಿಯಿಂದ ಐದು ವಾರದ ನಂತರ ಉತ್ತರ ಬಂತು. ವಿದ್ಯುತ್ ಬಳಸುವ ಜಾಗದಲ್ಲಿ ಹತ್ತು ಅಥವಾ ಹೆಚ್ಚು ಮಂದಿ ಕೆಲಸಕ್ಕಿದ್ದರೆ ಮಾತ್ರ ಕಾರ್ಖಾನೆ ಕಾಯ್ದೆ ಅನ್ವಯಿಸುತ್ತದೆ. ಈ ಘಟಕದ ಪುಸ್ತಕದಲ್ಲಿ ಕೆಲಸಗಾರರು ಏಳು ಮಂದಿ. ಉಳಿದ ನಾಲ್ವರು ತರಬೇತಿ ಪಡೆಯುತ್ತಿರುವವರು. ಮತ್ತು ದೂರಿನಲ್ಲಿರುವ ಗುಲಾಬಿ ಆ ನಾಲ್ವರಲ್ಲಿ ಒಬ್ಬಳು, ಅಂದರೆ ಅವಳು ಕೆಲಸಗಾರ್ತಿಯೇ ಅಲ್ಲ! ಆಧಾರವಾಗಿ ಲಗತ್ತಿಸಿದ್ದು ನನ್ನದೇ ತರಬೇತಿಯ ಹಾಜರಿ ಪಟ್ಟಿಯ ಪ್ರತಿ. ಅದರ ಅಡಿಯಲ್ಲಿ ಬೇರೆ ಕೈಬರಹದಲ್ಲಿ 'ತರಬೇತಿ ಮುಂದುವರಿದಿದೆ' ಎಂದು ಬರೆದಿತ್ತು.

ಮೊದಲು ನನ್ನ ಸಹಿಯಿಂದ ಬಟ್ಟೆ ಮಾರಿದರು. ಈಗ ನನ್ನ ಹಾಜರಿ ಪಟ್ಟಿಯಿಂದಲೇ ಅವಳ ಕೈಗೆ ಯಾರೂ ಜವಾಬ್ದಾರರಲ್ಲ ಎಂದು ಸಾಧಿಸುತ್ತಿದ್ದಾರೆ.

ಆದರೆ ಒಂದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪ್ರಮಾಣಪತ್ರ ಕೊಟ್ಟ ದಿನದ ರಿಜಿಸ್ಟರ್ ನಮ್ಮ ಕೇಂದ್ರದಲ್ಲಿತ್ತು. ಹನ್ನೊಂದು ಮಂದಿಯ ಫೋಟೋ, ತಾರೀಕು, 'ತರಬೇತಿ ಪೂರೈಸಿದ್ದಾರೆ' ಎಂಬ ಒಕ್ಕಣೆ, ಕೊನೆಯಲ್ಲಿ ಸಾಕ್ಷಿಯಾಗಿ ಸ್ವತಃ ಸದಾನಂದರ ಸಹಿ. ಅದರ ದೃಢೀಕೃತ ಪ್ರತಿ ಮಾಡಿಸಿದೆ. ಮೇಲಧಿಕಾರಿ ಸೀಲು ಹಾಕುವಾಗ ನನ್ನ ಮುಖ ನೋಡಲಿಲ್ಲ, ಆದರೆ ಹಾಕಿದರು. ಅದನ್ನು ತಪಾಸಣೆಯ ಕಚೇರಿಗೆ ಕಳಿಸಿದೆ.

ಇಷ್ಟಾದರೂ ಕಚೇರಿಯವರ ಕೊನೆಯ ಸಂದೇಹ ಉಳಿಯಿತು. ಗಂಡ ಸಿಮೆಂಟ್ ಕೆಲಸದವನು, ಒಬ್ಬಳ ಕೈಯಲ್ಲಿ ಹುಣ್ಣಾದದ್ದಕ್ಕೆ ಘಟಕವೇ ಕಾರಣ ಎನ್ನುವುದು ಹೇಗೆ? ಉಳಿದ ಹೆಂಗಸರ ಕೈಗಳಲ್ಲಿ ಬಿರುಕು, ತುರಿಕೆ ಇದ್ದರೂ ಯಾರೂ ಬರೆದುಕೊಡಲು ತಯಾರಿರಲಿಲ್ಲ. ನಾನು ಅವರನ್ನು ದೂರುವುದಿಲ್ಲ. ಗುಲಾಬಿಗೆ ಹಗುರವಾದ ಕೆಲಸ ಕೊಡುತ್ತೇನೆ, ಬಟ್ಟೆ ಮಡಚುತ್ತಾ ಕೂರಲಿ ಎಂದು ಸದಾನಂದ ಹೇಳಿಕಳಿಸಿದ್ದರು. ಅವಳು ಹೋಗಲಿಲ್ಲ. ಬೀಡಿ ಕಟ್ಟಲೂ ಆಗುತ್ತಿರಲಿಲ್ಲ, ಬೆರಳು ಮಡಚಿದರೆ ತೂತಿನ ಅಂಚು ಒಡೆಯುತ್ತಿತ್ತು.

ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲಲ್ಲಿ ಜುಬೇದಾ ನಿಂತಿದ್ದಳು. ಜೊತೆಗೆ ಗುಲಾಬಿ. ಜುಬೇದಾ ನೇರವಾಗಿ ವಿಷಯಕ್ಕೆ ಬಂದಳು.

"ಅವತ್ತು ನಾನು ನಿಮಗೆ ಬೈದದ್ದು ಹೌದು. ಅದು ತಪ್ಪು ಅಂತ ಹೇಳಲಿಕ್ಕೆ ಬಂದದ್ದಲ್ಲ. ನನ್ನ ಮೂಗಿನಿಂದ ದಿನಾ ರಕ್ತ ಬರ್ತದೆ ಟೀಚರ್. ಸೆಕೆಗೆ ಅಂತ ಎಣಿಸಿದೆ. ಮೊನ್ನೆ ಡಾಕ್ಟರು ಒಳಗೆ ಲೈಟ್ ಬಿಟ್ಟು ನೋಡಿದರು. ನಡುವೆ ತೂತು ಉಂಟಂತೆ. ಈ ಕಡೆಯಿಂದ ಆ ಕಡೆ ಕಾಣ್ತದಂತೆ."

ಹುಡಿ ತೂಗುತ್ತಿದ್ದವಳು ಅವಳೇ. ಅವಳ ಮನೆಯಲ್ಲಿ ಸಿಮೆಂಟ್ ಮುಟ್ಟುವವರು ಯಾರೂ ಇರಲಿಲ್ಲ.

"ಬರೆದುಕೊಡ್ತೀಯಾ?" ಎಂದು ಕೇಳಿದೆ.

"ಬರೆಯಿರಿ. ನಾನು ಸೈನ್ ಹಾಕ್ತೇನೆ. ಕನ್ನಡದಲ್ಲಿಯೇ ಬರೆಯಿರಿ, ನನಗೆ ಓದಲಿಕ್ಕೆ ಬರ್ತದೆ."

ನಾನು ಬರೆದೆ. ಅವಳು ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. 'ಸುರಕ್ಷತೆಯ ಕೊರತೆಯಿಂದ' ಎಂದು ನಾನು ಬರೆದಿದ್ದ ಕಡೆ ನಿಲ್ಲಿಸಿ, "ಇದು ಎಂತ ಕೊರತೆ? ಗ್ಲೌಸ್ ಇತ್ತಲ್ಲ, ಕೊಡಲಿಲ್ಲ. ಹಾಗೇ ಬರೆಯಿರಿ" ಎಂದಳು. ಹಾಗೇ ಬರೆದೆ. ಮೂವತ್ತು ವರ್ಷದ ಸರಕಾರಿ ಬರವಣಿಗೆಯನ್ನು ಆ ದಿನ ಅವಳು ತಿದ್ದಿದಳು.

ಅದರ ನಂತರ ಇನ್‌ಸ್ಪೆಕ್ಟರ್ ಬಂದರು. ಹನ್ನೊಂದು ಮಂದಿಯ ಕೈ, ಮೂಗು ಪರೀಕ್ಷೆಯಾಯಿತು. ಐವರಿಗೆ ಹುಣ್ಣು, ಇಬ್ಬರಿಗೆ ಮೂಗಿನ ತೊಂದರೆ. ಡಬ್ಬಗಳಿಗೆ ಸೀಲು ಬಿತ್ತು, ಗುಂಡಿಯ ಮಣ್ಣನ್ನು ತೆಗೆಸಲು ಆದೇಶವಾಯಿತು, ಚಿಕಿತ್ಸೆಯ ಹೊಣೆ ಮಾಲೀಕರ ಮೇಲೆ ಬಂತು. ಗೋಡೆಯ ಮೇಲಿದ್ದ ನನ್ನ ವರದಿಯನ್ನು ನಾನೇ ಇಳಿಸಿ ಚೀಲಕ್ಕೆ ಹಾಕಿಕೊಂಡು ಬಂದೆ. ಯಾರೂ ತಡೆಯಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆ ಘಟಕ ಮುಚ್ಚಿತು. ಮರುವರ್ಷ ಅದೇ ಸದಾನಂದ ಬೇರೊಂದು ಹೆಸರಿನಲ್ಲಿ, ಬೇರೊಂದು ಜಿಲ್ಲೆಯಲ್ಲಿ ಮತ್ತೆ ಶುರುಮಾಡಿದರು. ಅಲ್ಲಿ ಯಾವ ಉಪ್ಪು ಹಾಕುತ್ತಾರೆಂದು ನನಗೆ ಗೊತ್ತಿಲ್ಲ. ಒಮ್ಮೆ ಕುತೂಹಲಕ್ಕೆ ಅವರ ಜಾಹೀರಾತನ್ನು ಮೊಬೈಲಿನಲ್ಲಿ ನೋಡಿದೆ. ಹಳದಿ ನೀರಿನಲ್ಲಿ ಬರಿಗೈಯೊಂದು ನೂಲನ್ನು ಹಿಂಡುತ್ತಿತ್ತು. ಆ ಕೈ ಗುಲಾಬಿಯದು. ತೂತು ಬೀಳುವ ಮೊದಲು ತೆಗೆದದ್ದು. ಅವಳನ್ನು ಕೇಳಿದ್ದೀರಾ ಎಂದು ಬರೆದೆ. ನನ್ನನ್ನು ಬ್ಲಾಕ್ ಮಾಡಿದರು.

ಗುಲಾಬಿಯ ಹುಣ್ಣುಗಳು ಮಾಯಲು ಐದು ತಿಂಗಳು ಬೇಕಾಯಿತು. ಕಲೆ ಉಳಿದಿದೆ. ಚರ್ಮಕ್ಕೆ ಕ್ರೋಮಿಯಂ ಒಗ್ಗದ ಸ್ಥಿತಿ ಶಾಶ್ವತವಾಗಿ ಉಳಿಯಿತು. ಈಗ ಅವಳು ಚರ್ಮದ ಚಪ್ಪಲಿ ಹಾಕುವಂತಿಲ್ಲ, ಗಂಡನ ಕೆಲಸದ ಬಟ್ಟೆ ಮುಟ್ಟುವಂತಿಲ್ಲ, ಅವನೇ ಒಗೆದುಕೊಳ್ಳುತ್ತಾನೆ. ಜುಬೇದಾಳ ಮೂಗಿನ ತೂತು ಮುಚ್ಚುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ರಕ್ತ ಮಾತ್ರ ನಿಂತಿದೆ.

ಅವರಿಬ್ಬರೂ, ಇನ್ನೂ ಮೂವರೂ ಸೇರಿ ಈಗ ಗುಲಾಬಿಯ ಮನೆಯ ಹಿಂದೆ ಶೀಟು ಹಾಕಿಕೊಂಡು ಬಣ್ಣ ಹಾಕುತ್ತಾರೆ. ಮತ್ತೆ ಬಣ್ಣದ ಪಾತ್ರೆಗೆ ಕೈ ಹಾಕುವಂತೆ ಮಾಡಲು ನನಗೆ ಧೈರ್ಯವಿರಲಿಲ್ಲ, ಅವರೇ ಕರೆದರು. ನಿವೃತ್ತಿಯಾದ ಮೇಲೆ ತಿಂಗಳಿಗೆರಡು ಬಾರಿ ಹೋಗುತ್ತೇನೆ. ಕಾಡಿನಲ್ಲಿ ಲೋಧ್ರ ಜಾತಿಯ ಕೆಲವು ಮರಗಳಿವೆ, ಅವು ಮಣ್ಣಿನಲ್ಲಿರುವ ಅಲ್ಯುಮಿನಿಯಂ ಅನ್ನು ಎಲೆಯಲ್ಲಿ ಕೂಡಿಡುತ್ತವೆ. ಉದುರಿದ ಎಲೆಯನ್ನು ಕುದಿಸಿದರೆ ಪಟಿಕದ ಕೆಲಸವನ್ನು ಅದೇ ಮಾಡುತ್ತದೆ. ಗುಲಾಬಿಯ ಅಣ್ಣ ನೆರಿಯದಲ್ಲಿ ತನ್ನ ಜಾಗದ ಅಂಚಿನಲ್ಲಿ ಬಿದ್ದ ಎಲೆಯನ್ನು ಒಟ್ಟುಮಾಡಿ ಬಸ್ಸಿಗೆ ಹಾಕಿ ಕಳಿಸುತ್ತಾನೆ. ಎಂಟು ತಿಂಗಳು ಪ್ರಯೋಗ ಮಾಡಿದೆವು. ಹಲಸಿನ ಹಳದಿಗೆ ಮೂರೂವರೆ ಅಂಕದವರೆಗೆ ಬಂದಿದ್ದೇವೆ. ನಾಲ್ಕೂವರೆ ಬರುವುದಿಲ್ಲ. ಎಲ್ಲರೂ ಗ್ಲೌಸ್ ಹಾಕುತ್ತಾರೆ, ಎಲೆಯ ನೀರಿಗೂ.

ಕಳೆದ ವರ್ಷ ಮೂಡುಬಿದಿರೆಯ ಒಂದು ಮಾರಾಟ ಮೇಳದಲ್ಲಿ ಅವರ ಅಂಗಡಿಯ ಹಿಂದೆ ನಾನು ಕೂತಿದ್ದೆ. ಒಬ್ಬ ಹೆಂಗಸು ಹಳದಿ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕೇಳಿದರು, "ಒಗೆದರೆ ಬಣ್ಣ ಹೋಗ್ತದಾ?"

"ಹೋಗ್ತದೆ ಅಕ್ಕ, ನಿಧಾನಕ್ಕೆ ಹೋಗ್ತದೆ" ಎಂದಳು ಗುಲಾಬಿ. "ಎರಡು ವರ್ಷ ಕಳೆದು ತನ್ನಿ, ಪುನಃ ಹಾಕಿ ಕೊಡುವ."

ಆ ಹೆಂಗಸು ಸೀರೆ ಕೆಳಗಿಟ್ಟು ಮುಂದಿನ ಅಂಗಡಿಗೆ ಹೋದರು. ಹಾಗೆ ಹೋದವರು ಆ ದಿನ ಬಹಳ ಮಂದಿ. ಕೊಂಡವರೂ ಇದ್ದರು. ಗುಲಾಬಿ ಪ್ರತಿಯೊಬ್ಬರಿಗೂ ಅದೇ ಉತ್ತರ ಕೊಟ್ಟಳು.

ಬಣ್ಣ ನಿಲ್ಲುತ್ತದೆಯೇ ಎಂದು ನೋಡುವುದಕ್ಕೇ ಸರಕಾರ ನನಗೆ ಮೂವತ್ತಕ್ಕೂ ಹೆಚ್ಚು ವರ್ಷ ಸಂಬಳ ಕೊಟ್ಟಿತು. ಅದನ್ನು ನಿಲ್ಲಿಸಿದ್ದು ಏನು, ಹಾಕಿದವರು ಹೇಗಿದ್ದಾರೆ ಎಂದು ಕೇಳು ಎಂದು ಯಾರೂ ಹೇಳಲಿಲ್ಲ. ಫಾರ್ಮಿನಲ್ಲಿ ಜಾಗವಿರಲಿಲ್ಲ ಎಂದು ನಾನೂ ಬಹಳ ದಿನ ಸಮಾಧಾನ ಹೇಳಿಕೊಂಡೆ. ಜಾಗ ಇರಲಿಲ್ಲ ನಿಜ. ಅಂಚಿನಲ್ಲಿ ಬರೆಯಬಹುದಿತ್ತು, ನನ್ನ ಕೈಯಲ್ಲಿ ಪೆನ್ನಿತ್ತು. ಈಗ ಆ ಹುದ್ದೆಯಲ್ಲಿರುವವರಿಗೆ ನಾನು ಹೇಳುವುದು ಇಷ್ಟೇ: ನಿರೀಕ್ಷೆಗಿಂತ ಒಳ್ಳೆಯ ಫಲಿತಾಂಶ ಬಂದ ದಿನ ಸಹಿ ಹಾಕಬೇಡಿ. ಬಸ್ಸು ಹತ್ತಿ ಆ ಜಾಗಕ್ಕೆ ಹೋಗಿ.